ಮನೆವಾರ್ತೆಯ ಲೆಕ್ಕ: ಸರಾಸರಿಯ ಮಾತನ್ನು ಎಷ್ಟು ನಂಬಬಹುದು?

ಈ ಪುಟವನ್ನು ತಪ್ಪದೆ ಓದುವ ಗೃಹಿಣಿಯೊಬ್ಬರಿಂದ ಹೋದ ತಿಂಗಳು ನಮಗೊಂದು ಪತ್ರ ಬಂದಿತು. ಅವರ ಯಜಮಾನರು ಬಹುಕಾಲ ಉಪಾಧ್ಯಾಯರಾಗಿದ್ದು ಈಚೆಗೆ ನಿವೃತ್ತರಾದರು. ಮನೆಯ ಸಾಲವನ್ನೆಲ್ಲ ತೀರಿಸಿದ ಮೇಲೆ ೧೦ ಲಕ್ಷ ರೂಪಾಯಿಗಳ ಇಡಿಗಂಟು ಕೈಯಲ್ಲಿ ಉಳಿದಿದೆ. ತಿಂಗಳ ಖರ್ಚಿಗೆ ಪಿಂಚಣಿ ಬರುತ್ತದೆ, ಅದಕ್ಕೆ ತೊಂದರೆಯಿಲ್ಲ. ಆದರೆ ಒಬ್ಬಳೇ ಮಗಳ ಮೇಲಿನ ವ್ಯಾಸಂಗಕ್ಕೆ ಇನ್ನೆರಡು ವರ್ಷಗಳಲ್ಲಿ ೪ ಲಕ್ಷ ರೂಪಾಯಿ ಬೇಕಾಗುವುದು. ಹೀಗಿರುವಲ್ಲಿ ಯಜಮಾನರ ಸೋದರಳಿಯನೊಬ್ಬನು ಬಂದು, ತಾನು ಷೇರು ಕೊಂಡಿರುವ ಒಂದು ಕಂಪೆನಿಯಲ್ಲಿಯೇ ಹತ್ತು ಲಕ್ಷವನ್ನೂ ಹಾಕಿಬಿಡಬೇಕೆಂದು ಒತ್ತಾಯಪಡಿಸಿದ್ದಾನೆ. "ಸರಾಸರಿ ವರ್ಷಕ್ಕೆ ನೂರಕ್ಕೆ ಹದಿನಾಲ್ಕು ಬರುತ್ತದೆ, ಮಾವ, ಬ್ಯಾಂಕಿನಲ್ಲಿ ಏಳಕ್ಕೆ ಇಟ್ಟು ಏಕೆ ಕೊಳೆಸುತ್ತೀರಿ?" ಎಂಬುದು ಅವನ ವಾದ.

ಆ ತಾಯಿ ಬರೆಯುತ್ತಾರೆ: "ಹುಡುಗ ಸುಳ್ಳು ಹೇಳುವವನಲ್ಲ. ಇವರಿಗೂ ಆ ಮಾತು ಹಿಡಿಸಿದೆ. ನನಗೆ ಮಾತ್ರ ರಾತ್ರಿ ನಿದ್ದೆ ಬಾರದು. ಹೆದರಿಕೆಗೆ ಕಾರಣವೇನೆಂದು ಕೇಳಿದರೆ ಹೇಳಲು ತಿಳಿಯದು. ಲೆಕ್ಕವನ್ನು ಅರ್ಥವಾಗುವಂತೆ ಬರೆದರೆ ಇವರ ಮುಂದೆ ಓದುತ್ತೇನೆ."

ಇಂತಹ ಪತ್ರಕ್ಕೆ ಉತ್ತರ ಕೊಡದಿದ್ದರೆ ಈ ಪುಟ ಇದ್ದೂ ಪ್ರಯೋಜನವಿಲ್ಲ. ಷೇರೆಂದರೆ ಜೂಜೆಂದು ತಳ್ಳಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಸೋದರಳಿಯನು ಹೇಳಿದ ಹದಿನಾಲ್ಕು ಎಂಬ ಅಂಕಿ ನಿಜವೇ ಇರಬಹುದು. ನಿಜವಾದ ಅಂಕಿಯಾದರೂ ಅರ್ಧ ಹೇಳಿ ಅರ್ಧ ಬಿಟ್ಟರೆ ಸಂಸಾರವನ್ನು ಕೆಡಿಸಬಲ್ಲದು. ಬಿಟ್ಟ ಅರ್ಧವನ್ನು ತೋರಿಸುವುದೇ ಈ ತಿಂಗಳ ನಮ್ಮ ಕೆಲಸ. ವಾಚಕರು ಒಂದು ಹಾಳೆಯನ್ನೂ ಸೀಸದ ಕಡ್ಡಿಯನ್ನೂ ಹತ್ತಿರ ಇಟ್ಟುಕೊಳ್ಳಬೇಕೆಂದು ಬಿನ್ನಹ. ಕೂಡಿಸುವುದು, ಗುಣಿಸುವುದು ಬಂದರೆ ಸಾಕು.

ನಿರೀಕ್ಷಿತ ಲಾಭ

ಷೇರೆಂದರೆ ಕಂಪೆನಿಯ ಒಡೆತನದಲ್ಲಿ ಒಂದು ಪಾಲು. ಅದರಿಂದ ಬರುವ ಆದಾಯಕ್ಕೆ ಎರಡು ದಾರಿಗಳುಂಟು. ಕಂಪೆನಿಯು ಹಂಚುವ ಲಾಭಾಂಶ ಒಂದು. ಪೇಟೆಯಲ್ಲಿ ಷೇರಿನ ಬೆಲೆ ಏರುವುದು ಇನ್ನೊಂದು. ೧೦೦ ರೂಪಾಯಿಗೆ ಕೊಂಡದ್ದು ವರ್ಷದ ಕೊನೆಗೆ ೧೦೮ ರೂಪಾಯಿ ಬೆಲೆ ಬಾಳಿ, ೨ ರೂಪಾಯಿ ಲಾಭಾಂಶವೂ ಬಂದರೆ ಆ ವರ್ಷದ ಆದಾಯ ನೂರಕ್ಕೆ ೧೦. ಬೆಲೆ ೯೦ಕ್ಕೆ ಇಳಿದು ೨ ರೂಪಾಯಿ ಲಾಭಾಂಶ ಬಂದರೆ ನೂರಕ್ಕೆ ೮ ನಷ್ಟ. ಇದು ಕಳೆದ ವರ್ಷದ ಲೆಕ್ಕ. ಮುಂದಿನ ವರ್ಷದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅಲ್ಲಿ ಅಂದಾಜು ಮಾಡಬೇಕಾಗುತ್ತದೆ.

ಅಂದಾಜನ್ನು ಹೀಗೆ ಮಾಡುತ್ತಾರೆ. ಹತ್ತು ವರ್ಷಗಳಲ್ಲಿ ಮೂರು ಸುಭಿಕ್ಷದ ವರ್ಷಗಳು, ನಾಲ್ಕು ಸಾಧಾರಣವಾದವು, ಮೂರು ಕೆಟ್ಟವು ಎಂದಿಟ್ಟುಕೊಳ್ಳೋಣ. ಸೋದರಳಿಯನು ಮೆಚ್ಚಿದ ಕಂಪೆನಿಯ ಹೆಸರನ್ನು ನಾವು ಅಚ್ಚು ಹಾಕಿಸುವುದಿಲ್ಲ. ಅದನ್ನು 'ಮೊದಲನೆಯ ಕಂಪೆನಿ' ಎನ್ನೋಣ. ಅಂಕಿಗಳೂ ಉದಾಹರಣೆಗಾಗಿ ನಾವೇ ಆರಿಸಿಕೊಂಡವು. ಸುಭಿಕ್ಷದಲ್ಲಿ ಅದು ನೂರಕ್ಕೆ ೫೦ ಲಾಭ ಕೊಡುತ್ತದೆ. ಸಾಧಾರಣ ವರ್ಷದಲ್ಲಿ ೧೪. ಕೆಟ್ಟ ವರ್ಷದಲ್ಲಿ ೨೨ ನಷ್ಟ. ಪ್ರತಿಯೊಂದನ್ನೂ ಅದು ಒದಗುವ ಸಂಭವದಿಂದ ಗುಣಿಸಬೇಕು. ೫೦ರಲ್ಲಿ ಹತ್ತನೆಯ ಮೂರು ಪಾಲು ೧೫. ೧೪ರಲ್ಲಿ ಹತ್ತನೆಯ ನಾಲ್ಕು ಪಾಲು ೫.೬; ನಷ್ಟದ ೨೨ರಲ್ಲಿ ಹತ್ತನೆಯ ಮೂರು ಪಾಲು ೬.೬. ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದರೆ ೧೪ ಉಳಿಯುತ್ತದೆ. ಇದಕ್ಕೆ 'ನಿರೀಕ್ಷಿತ ಲಾಭ'ವೆಂದು ಹೆಸರು. ಹುಡುಗನು ಹೇಳಿದ್ದು ಇದನ್ನೇ. ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಒಂದು ಮಾತು. ಯುಗಾದಿಯ ಪಂಚಾಂಗದಲ್ಲಿ ಈ ವರ್ಷ ಇಷ್ಟು ಕೊಳಗ ಮಳೆಯೆಂದು ಬರೆದಿರುತ್ತದೆ. ಪಂಚಾಂಗವನ್ನು ಎಷ್ಟು ಹಿಂಡಿದರೂ ಹನಿ ನೀರು ಬಾರದು. ಸಂಭವಗಳನ್ನು ನಾವು ಹಿಂದಿನ ವರ್ಷಗಳ ದಾಖಲೆಯಿಂದ ಊಹಿಸಿರುತ್ತೇವೆ. ದಾಖಲೆ ಬದಲಾಗದು, ಕಾಲ ಬದಲಾಗುವುದು. ಆದಕಾರಣ ೧೪ ಎಂಬುದನ್ನು ಬರಬೇಕಾದ ಬಾಕಿಯೆಂದು ತಿಳಿಯಬಾರದು. ನಡುವಿನ ಗುರುತೆಂದು ಮಾತ್ರ ತಿಳಿಯಬೇಕು.

ಅಪಾಯದ ಅಳತೆ

ನಡುವಿನ ಗುರುತು ತಿಳಿದರೆ ಸಾಲದು. ಅದರಿಂದ ಎಷ್ಟು ದೂರ ಸರಿಯಬಹುದೆಂಬುದೂ ತಿಳಿಯಬೇಕು. ಹೊಳೆಯ ಸರಾಸರಿ ಆಳ ಮೊಣಕಾಲುದ್ದವೆಂದು ಕೇಳಿ ಇಳಿದವನು ಮಡುವಿನಲ್ಲಿ ಮುಳುಗಿದರೆ ಸರಾಸರಿಯನ್ನು ದೂರಿ ಫಲವೇನು?

ದೂರವನ್ನು ಅಳೆಯುವ ಕ್ರಮ ಇದು. ಮೊದಲನೆಯ ಕಂಪೆನಿಯ ನಡು ೧೪. ಸುಭಿಕ್ಷದ ೫೦ ಅದಕ್ಕಿಂತ ೩೬ ಮೇಲೆ. ಸಾಧಾರಣದ ೧೪ ಅಲ್ಲಿಯೇ. ನಷ್ಟದ ೨೨ ಅದಕ್ಕಿಂತ ೩೬ ಕೆಳಗೆ. ಈ ಅಂತರಗಳನ್ನು ಹಾಗೆಯೇ ಸರಾಸರಿ ಮಾಡಿದರೆ ಮೇಲಿನದೂ ಕೆಳಗಿನದೂ ಒಂದನ್ನೊಂದು ತಿಂದುಹಾಕಿ ಸೊನ್ನೆ ಬರುತ್ತದೆ. ಅದನ್ನು ತಪ್ಪಿಸಲು ಪ್ರತಿ ಅಂತರವನ್ನೂ ಅದರಿಂದಲೇ ಗುಣಿಸಿ ವರ್ಗ ಮಾಡುತ್ತಾರೆ. ೩೬ರ ವರ್ಗ ೧,೨೯೬. ಅದರ ಹತ್ತನೆಯ ಮೂರು ಪಾಲು ೩೮೮.೮, ಹೀಗೆ ಎರಡು ಸಲ, ಒಟ್ಟು ೭೭೭.೬. ಇದರ ವರ್ಗಮೂಲ ೨೭.೯, ಅಂದರೆ ಸುಮಾರು ೨೮. ಗಣಿತಜ್ಞರು ಇದನ್ನು 'ಮಾನಕ ವಿಚಲನೆ' ಎನ್ನುತ್ತಾರೆ. ಗೃಹಸ್ಥರು 'ಅಲುಗಾಟ'ವೆಂದು ಕರೆದರೂ ನಡೆಯುತ್ತದೆ.

ಆದ್ದರಿಂದ ಹುಡುಗನು ಹೇಳಬೇಕಾಗಿದ್ದ ಪೂರ್ಣ ವಾಕ್ಯ ಇದು: "ಸರಾಸರಿ ಹದಿನಾಲ್ಕು, ಅಲುಗಾಟ ಇಪ್ಪತ್ತೆಂಟು." ಫಲಗಳು ನಡುವಿನ ಎರಡು ಕಡೆಗೂ ಸಮನಾಗಿ, ಗಂಟೆಯ ಆಕಾರದಲ್ಲಿ ಹರಡಿರುವ ಕಡೆಗಳಲ್ಲಿ ಮೂರರಲ್ಲಿ ಸುಮಾರು ಎರಡು ವರ್ಷ ಫಲವು ನಡುವಿಗೆ ಒಂದು ಅಲುಗಾಟದೊಳಗೆ ಇರುತ್ತದೆ, ಇಲ್ಲಿ ಅದು ೧೪ ನಷ್ಟದಿಂದ ೪೨ ಲಾಭದವರೆಗೆ. ಮೂರನೆಯ ವರ್ಷ ಅದನ್ನೂ ಮೀರುತ್ತದೆ. ಬ್ಯಾಂಕಿನ ಏಳಕ್ಕೆ ಇಂತಹ ಅಲುಗಾಟವಿಲ್ಲ. ಹದಿನಾಲ್ಕನ್ನೂ ಏಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದೇ ಅವನ ತಪ್ಪು.

ಸರಾಸರಿಯ ಮೋಸ

ಇನ್ನೂ ಒಂದು ಸಂಗತಿಯುಂಟು. ಬಲ್ಲವರೂ ಎಡವುವ ಸ್ಥಳ ಇದು. ೧೦೦ ರೂಪಾಯಿ ಒಂದು ವರ್ಷ ನೂರಕ್ಕೆ ೫೦ ಏರಿ ೧೫೦ ಆಯಿತು. ಮರುವರ್ಷ ನೂರಕ್ಕೆ ೫೦ ಇಳಿಯಿತು. ಏರಿದ್ದೂ ಇಳಿದದ್ದೂ ಐವತ್ತೇ, ಸರಾಸರಿ ಸೊನ್ನೆ. ಆದರೆ ಕೈಯಲ್ಲಿ ಉಳಿದದ್ದು ೭೫ ರೂಪಾಯಿ. ಕಾಲು ಭಾಗ ಎಲ್ಲಿ ಹೋಯಿತು? ಏರುವಾಗ ನೂರರ ಮೇಲೆ ಏರಿತು; ಇಳಿಯುವಾಗ ನೂರೈವತ್ತರ ಮೇಲೆ ಇಳಿಯಿತು.

ಇದು ಕಾಗದದ ಮೇಲಣ ಚಮತ್ಕಾರವಲ್ಲ. ಮುಂಬಯಿಯ ಷೇರು ವಿನಿಮಯ ಕೇಂದ್ರವು ೧೮೭೫ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಮೂವತ್ತು ದೊಡ್ಡ ಕಂಪೆನಿಗಳ ಬೆಲೆಗಳನ್ನು ಒಟ್ಟುಗೂಡಿಸಿ 'ಸೆನ್ಸೆಕ್ಸ್' ಎಂಬ ಸೂಚ್ಯಂಕವನ್ನು ೧೯೮೬ರಿಂದ ಪ್ರಕಟಿಸುತ್ತಾ ಬಂದಿದ್ದಾರೆ. ೧೯೭೮-೭೯ರ ಬೆಲೆಯನ್ನು ೧೦೦ ಎಂದು ಹಿಡಿದದ್ದು. ೨೦೦೭ರ ಕೊನೆಯಲ್ಲಿ ಅದು ೨೦,೨೮೬ರ ಹತ್ತಿರವಿತ್ತು. ೨೦೦೮ರಲ್ಲಿ ನೂರಕ್ಕೆ ೫೨ಕ್ಕಿಂತ ಹೆಚ್ಚು ಇಳಿದು ವರ್ಷದ ಕೊನೆಗೆ ೯,೬೪೭ಕ್ಕೆ ಬಂದಿತು. ೨೦೦೯ರಲ್ಲಿ ನೂರಕ್ಕೆ ೮೧ ಏರಿ ೧೭,೪೬೪ ಆಯಿತು. ಈ ಎರಡು ವರ್ಷಗಳ ಸರಾಸರಿಯನ್ನು ತೆಗೆದು ನೋಡಿ: ನೂರಕ್ಕೆ ೧೪ ಲಾಭ! ಅದೇ ಹದಿನಾಲ್ಕು. ಆದರೆ ೨೦,೨೮೬ರಿಂದ ಹೊರಟದ್ದು ೧೭,೪೬೪ಕ್ಕೆ ಮುಟ್ಟಿತು, ಅಂದರೆ ನೂರಕ್ಕೆ ಸುಮಾರು ೧೪ ನಷ್ಟ. ಲಾಭಾಂಶವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೂ ಕೊರತೆ ತುಂಬುತ್ತಿರಲಿಲ್ಲ. ಸರಾಸರಿ ಸುಳ್ಳು ಹೇಳಲಿಲ್ಲ, ಆದರೂ ಹಣ ಹಾಕಿದವನು ಮೋಸ ಹೋದನು.

ನಮ್ಮ ಮೊದಲನೆಯ ಕಂಪೆನಿಗೆ ಬರೋಣ. ೧ ಲಕ್ಷ ರೂಪಾಯಿ ವರ್ಷವೂ ತಪ್ಪದೆ ನೂರಕ್ಕೆ ೧೪ರಂತೆ ಬೆಳೆದರೆ ಹತ್ತು ವರ್ಷಕ್ಕೆ ಸುಮಾರು ೩,೭೦,೭೦೦ ಆಗಬೇಕು. ಆದರೆ ಮೂರು ವರ್ಷ ೫೦ ಏರಿ, ನಾಲ್ಕು ವರ್ಷ ೧೪ ಏರಿ, ಮೂರು ವರ್ಷ ೨೨ ಇಳಿದರೆ ಅದು ಸುಮಾರು ೨,೭೦,೫೦೦ ಮಾತ್ರ ಆಗುತ್ತದೆ. ವರ್ಷಗಳ ಅನುಕ್ರಮವನ್ನು ಹೇಗೆ ಬದಲಾಯಿಸಿದರೂ ಮೊತ್ತ ಅಷ್ಟೇ. ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿಗಳನ್ನು ಅಲುಗಾಟವೇ ನುಂಗಿತು. ನಿಜವಾದ ಬೆಳವಣಿಗೆ ವರ್ಷಕ್ಕೆ ಹತ್ತೂವರೆ, ಹದಿನಾಲ್ಕಲ್ಲ. ಅಲುಗಾಟವೆಂಬುದು ಮನಸ್ಸಿನ ಕಳವಳ ಮಾತ್ರವಲ್ಲ, ಅದು ಕಾಣದ ಸುಂಕ.

ಅಕ್ಕಡಿ ಸಾಲಿನ ನ್ಯಾಯ

ಈ ಸುಂಕವನ್ನು ಕಡಿಮೆ ಮಾಡುವ ಉಪಾಯವನ್ನು ನಮ್ಮ ಬಯಲುಸೀಮೆಯ ರೈತರು ಯಾವ ಕಾಲೇಜಿಗೂ ಹೋಗದೆ ಕಂಡುಕೊಂಡಿದ್ದರು. ರಾಗಿಯ ಹೊಲದಲ್ಲಿ ಅವರು ಅಕ್ಕಡಿ ಸಾಲು ಬಿಡುತ್ತಾರೆ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು. ಒಂದೇ ಮಳೆಗೆ ಎಲ್ಲವೂ ಒಂದೇ ತೆರನಾಗಿ ಬೆಳೆಯುವುದಿಲ್ಲ, ಒಂದೇ ರೋಗಕ್ಕೆ ಎಲ್ಲವೂ ಸಾಯುವುದಿಲ್ಲ. ರಾಗಿ ಕೈಕೊಟ್ಟ ವರ್ಷ ಇಬ್ಬನಿಯ ಬಲದಿಂದ ಅವರೆಯಾದರೂ ಬಂದೀತು. ಹೊಲದ ತುಂಬ ರಾಗಿಯನ್ನೇ ಬಿತ್ತಿದ್ದರೆ ಒಳ್ಳೆಯ ವರ್ಷ ಕಣಜ ಇನ್ನಷ್ಟು ತುಂಬುತ್ತಿತ್ತು, ನಿಜ. ಆದರೆ ಕೆಟ್ಟ ವರ್ಷ ಮಕ್ಕಳು ಹಸಿಯಬಾರದೆಂಬುದು ರೈತನ ಮೊದಲ ಲೆಕ್ಕ.

ಈ ನ್ಯಾಯವನ್ನು ಗಣಿತದಲ್ಲಿ ಹೇಳಿದವರು ಅಮೆರಿಕದ ಹ್ಯಾರಿ ಮಾರ್ಕೊವಿಟ್ಜ್. ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅವರಿಗೊಂದು ಸಂದೇಹ ಹುಟ್ಟಿತು. ನಿರೀಕ್ಷಿತ ಲಾಭವೊಂದೇ ಮುಖ್ಯವಾದರೆ ಬುದ್ಧಿವಂತರೆಲ್ಲರೂ ಅತಿ ಹೆಚ್ಚು ಲಾಭದ ಒಂದೇ ಷೇರನ್ನು ಕೊಳ್ಳಬೇಕಷ್ಟೆ. ಹಾಗೆ ಯಾರೂ ಏಕೆ ಮಾಡುವುದಿಲ್ಲ? ಲಾಭದೊಡನೆ ಅಪಾಯವನ್ನೂ ಜನ ತೂಗುವುದರಿಂದಲೇ ಎಂದು ಅವರು ಉತ್ತರ ಕಂಡುಕೊಂಡು ೧೯೫೨ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ೧೯೯೦ರಲ್ಲಿ ಅವರಿಗೆ ಮರ್ಟನ್ ಮಿಲ್ಲರ್ ಮತ್ತು ವಿಲಿಯಂ ಶಾರ್ಪ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ೨೦೨೩ರಲ್ಲಿ ತೀರಿಕೊಂಡರು.

ಅವರ ಲೆಕ್ಕವನ್ನು ನಾವೂ ಮಾಡಿ ನೋಡೋಣ. 'ಎರಡನೆಯ ಕಂಪೆನಿ'ಯೊಂದನ್ನು ತೆಗೆದುಕೊಳ್ಳಿ. ಸುಭಿಕ್ಷದಲ್ಲಿ ಅದರ ಲಾಭ ೧೦, ಸಾಧಾರಣದಲ್ಲಿ ೨೫, ಕೆಟ್ಟ ವರ್ಷದಲ್ಲಿ ೧೦ ನಷ್ಟ. ನಿರೀಕ್ಷಿತ ಲಾಭ ೧೦. ಮೇಲಿನ ಕ್ರಮದಿಂದಲೇ ಲೆಕ್ಕ ಹಾಕಿದರೆ ಅಲುಗಾಟ ೧೪.೫. ಈಗ ಹಣವನ್ನು ಎರಡು ಕಂಪೆನಿಗಳಲ್ಲಿಯೂ ಅರ್ಧರ್ಧ ಹಾಕಿ. ಹೀಗೆ ಸೇರಿಸಿದ ಹೂಡಿಕೆಗೆ ಪೇಟೆಯವರು ಪೋರ್ಟ್‌ಫೋಲಿಯೊ ಎನ್ನುತ್ತಾರೆ, ನಾವು 'ಕೂಟ'ವೆನ್ನೋಣ. ಸುಭಿಕ್ಷದಲ್ಲಿ ಕೂಟದ ಲಾಭ ೩೦, ಸಾಧಾರಣದಲ್ಲಿ ೧೯.೫, ಕೆಟ್ಟ ವರ್ಷದಲ್ಲಿ ೧೬ ನಷ್ಟ. ನಿರೀಕ್ಷಿತ ಲಾಭ ೧೨, ಅಂದರೆ ಹದಿನಾಲ್ಕು ಮತ್ತು ಹತ್ತರ ನಟ್ಟನಡುವೆ. ಅಲುಗಾಟವೂ ಎರಡರ ನಡುವೆ ೨೧.೨ ಇರಬೇಕೆಂದು ತೋರುತ್ತದೆಯಲ್ಲವೇ? ಲೆಕ್ಕ ಮಾಡಿ ನೋಡಿ. ನಡುವಿನಿಂದ ಅಂತರಗಳು ೧೮, ೭.೫, ೨೮. ವರ್ಗಗಳು ೩೨೪, ೫೬.೨೫, ೭೮೪. ಸಂಭವದಿಂದ ಗುಣಿಸಿ ಕೂಡಿದರೆ ೩೫೪.೯; ವರ್ಗಮೂಲ ೧೮.೮ ಮಾತ್ರ. ಲಾಭವು ಸರಾಸರಿಯಾಗಿಯೇ ಉಳಿಯಿತು. ಅಪಾಯ ಮಾತ್ರ ಸರಾಸರಿಗಿಂತ ಕೆಳಗಿಳಿಯಿತು.

ಏಕೆಂದರೆ ಎರಡು ಕಂಪೆನಿಗಳೂ ಒಂದೇ ತಾಳಕ್ಕೆ ಕುಣಿಯುವುದಿಲ್ಲ. ಆ ತಾಳಮೇಳಕ್ಕೆ 'ಸಹಸಂಬಂಧ'ವೆಂದು ಹೆಸರು. ಎರಡರ ಅಂತರಗಳನ್ನು ವರ್ಷವರ್ಷಕ್ಕೆ ಗುಣಿಸಬೇಕು. ಸುಭಿಕ್ಷದಲ್ಲಿ ಎರಡನೆಯದರ ಅಂತರ ಸೊನ್ನೆ. ಸಾಧಾರಣದಲ್ಲಿ ಮೊದಲನೆಯದರ ಅಂತರ ಸೊನ್ನೆ. ಕೆಟ್ಟ ವರ್ಷ ಒಂದು ೩೬ ಕೆಳಗೆ, ಇನ್ನೊಂದು ೨೦ ಕೆಳಗೆ, ಗುಣಲಬ್ಧ ೭೨೦. ಅದರ ಹತ್ತನೆಯ ಮೂರು ಪಾಲು ೨೧೬. ಇದನ್ನು ಎರಡು ಅಲುಗಾಟಗಳ ಗುಣಲಬ್ಧವಾದ ಸುಮಾರು ೪೦೪ರಿಂದ ಭಾಗಿಸಿದರೆ ೦.೫೩. ಈ ಅಂಕಿ ೧ ಆಗಿದ್ದರೆ ಎರಡೂ ಒಂದೇ ಬೆಳೆಯಿದ್ದಂತೆ, ಹಂಚಿ ಪ್ರಯೋಜನವಿಲ್ಲ. ೧ಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಅನುಕೂಲ. ಹೀಗಾಗಿ ಒಂದೇ ಕಸುಬಿನ ಐದು ಕಂಪೆನಿಗಳ ಷೇರು ಕೊಂಡು ಹಂಚಿದೆವೆಂದು ಸಮಾಧಾನಪಡುವವರು, ಐದು ಮಡಿಗಳಲ್ಲಿಯೂ ರಾಗಿಯನ್ನೇ ಬಿತ್ತಿದ ರೈತನಂತೆ.

ಹತ್ತು ವರ್ಷದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಕೂಟದಲ್ಲಿ ಹಾಕಿದ ೧ ಲಕ್ಷವು, ವರ್ಷಕ್ಕೊಮ್ಮೆ ಅರ್ಧರ್ಧಕ್ಕೆ ಸರಿಮಾಡುತ್ತಾ ಬಂದರೆ, ಸುಮಾರು ೨,೬೫,೫೦೦ ಆಗುತ್ತದೆ. ಮೊದಲನೆಯ ಕಂಪೆನಿಯೊಂದರಲ್ಲಿಯೇ ಇಟ್ಟಿದ್ದರೆ ೨,೭೦,೫೦೦. ನಿರೀಕ್ಷಿತ ಲಾಭದಲ್ಲಿ ಹನ್ನೆರಡಕ್ಕೂ ಹದಿನಾಲ್ಕಕ್ಕೂ ಬಹಳ ಅಂತರವಿದ್ದಂತೆ ಕಂಡಿತು. ಹತ್ತು ವರ್ಷದ ಕೊನೆಗೆ ಅಂತರ ಐದು ಸಾವಿರ ರೂಪಾಯಿ. ಅಷ್ಟನ್ನು ಬಿಟ್ಟುಕೊಟ್ಟು ಅಲುಗಾಟದ ಮೂರನೆಯ ಒಂದು ಪಾಲನ್ನು ಕಳೆದುಕೊಂಡೆವು.

ಪಟ್ಟಿಯಲ್ಲಿಲ್ಲದ ಸಾಲು

ಇಷ್ಟು ಹೊತ್ತು ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂದು ಮೂರು ಸಾಲುಗಳನ್ನು ಬರೆದೆವು. ಒಂದೇ ಕಂಪೆನಿಯನ್ನು ನಂಬಿದವನ ಪಟ್ಟಿಯಲ್ಲಿ ನಾಲ್ಕನೆಯ ಸಾಲೊಂದಿರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ. ಹೈದರಾಬಾದಿನ ಸತ್ಯಂ ಕಂಪೆನಿ ಹೆಸರಾಂತ ಸಂಸ್ಥೆಯಾಗಿತ್ತು. ಲೆಕ್ಕಪುಸ್ತಕಗಳಲ್ಲಿ ಇಲ್ಲದ ಹಣವನ್ನು ತೋರಿಸಿದ್ದಾಗಿ ಅದರ ಅಧ್ಯಕ್ಷರೇ ೨೦೦೯ರ ಜನವರಿ ೭ರಂದು ಒಪ್ಪಿಕೊಂಡರು. ಅದೊಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದುಹೋಯಿತು. ಹಿಂದಿನ ದಿನದವರೆಗಿನ ಯಾವ ಸರಾಸರಿಯೂ ಅದನ್ನು ಸೂಚಿಸಿರಲಿಲ್ಲ.

ನಮ್ಮ ಮನೆಯ ಹಳೆಯ ಮರದ ಪೆಟ್ಟಿಗೆಯಲ್ಲಿ ಹಿರಿಯರು ಕೊಂಡಿದ್ದ ಒಂದು ಗಿರಣಿಯ ಷೇರುಪತ್ರಗಳು ಈಗಲೂ ಇವೆ. ದಪ್ಪನೆಯ ಕಾಗದ, ಅಂದವಾದ ಅಂಚು, ದುಂಡಾದ ಅಕ್ಷರ. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದುವು. ಮಕ್ಕಳು ತೆಗೆದು ನೋಡಿ, ಇದಕ್ಕೆ ಈಗ ಏನು ಬೆಲೆಯೆಂದು ಕೇಳುತ್ತಾರೆ. ಪಾಠ ಕಲಿಸುವಷ್ಟು ಬೆಲೆಯುಂಟೆಂದು ನಾವು ಹೇಳುತ್ತೇವೆ.

ಒಂದು ಕಂಪೆನಿಗೆ ಮಾತ್ರ ಸಂಬಂಧಪಟ್ಟ ಇಂತಹ ಅಪಾಯವನ್ನು ಹಲವು ಕಸುಬುಗಳ ಹಲವು ಕಂಪೆನಿಗಳಲ್ಲಿ ಹಂಚಿ ಬಹುಮಟ್ಟಿಗೆ ನಿವಾರಿಸಬಹುದು. ಆದರೆ ಅಪಾಯವೆಲ್ಲವೂ ಹಂಚುವುದರಿಂದ ಹೋಗುವುದಿಲ್ಲ. ಬರಗಾಲ ಬಂದರೆ ರಾಗಿಯೂ ಒಣಗುತ್ತದೆ, ಅವರೆಯೂ ಒಣಗುತ್ತದೆ. ಸೆನ್ಸೆಕ್ಸ್ ೨೦೦೮ರ ಜನವರಿ ೮ರಂದು ೨೦,೮೭೩ ಇದ್ದದ್ದು ೨೦೦೯ರ ಮಾರ್ಚ್ ೯ರಂದು ೮,೧೬೦ ಆಗಿತ್ತು. ಆ ಮೂವತ್ತು ಕಂಪೆನಿಗಳಲ್ಲಿ ಅದೇ ಪ್ರಮಾಣದಲ್ಲಿ ಹಂಚಿ ಹಾಕಿದ ೧೦ ಲಕ್ಷವೂ ಹದಿನಾಲ್ಕು ತಿಂಗಳಲ್ಲಿ ಸುಮಾರು ೩ ಲಕ್ಷ ೯೧ ಸಾವಿರಕ್ಕೆ ಇಳಿಯಿತು. ಮಗಳ ವ್ಯಾಸಂಗದ ೪ ಲಕ್ಷಕ್ಕೂ ಅದು ಸಾಲದು! ತಾಳ್ಮೆಯಿಂದ ಕಾದವರಿಗೆ ೨೦೧೦ರ ದೀಪಾವಳಿಯ ಹೊತ್ತಿಗೆ ಸೂಚ್ಯಂಕ ಮತ್ತೆ ೨೧ ಸಾವಿರವನ್ನು ಮುಟ್ಟಿತು. ಆದರೆ ಕಾಲೇಜಿನ ಶುಲ್ಕ ದೀಪಾವಳಿಯವರೆಗೆ ಕಾಯುವುದಿಲ್ಲ. ೨೦೨೦ರ ಮಾರ್ಚ್ ೨೩ರಂದು ಸೂಚ್ಯಂಕವು ಒಂದೇ ದಿನ ನೂರಕ್ಕೆ ೧೩ರಷ್ಟು ಬಿದ್ದುದನ್ನೂ ವಾಚಕರು ಮರೆತಿರಲಾರರು.

ಪತ್ರಕ್ಕೆ ಉತ್ತರ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹಣವನ್ನು ಎಲ್ಲಿಡಬೇಕೆಂದು ಕೇಳುವ ಮೊದಲು ಹಣ ಯಾವಾಗ ಬೇಕೆಂದು ಕೇಳಬೇಕು. ಬೇಗ ಬೇಕಾದ ಹಣಕ್ಕೆ ಅಲುಗಾಟ ಕೂಡದು. ಬಹುಕಾಲ ಬೇಡದ ಹಣ ಸ್ವಲ್ಪ ಅಲುಗಾಟವನ್ನು ತಾಳಬಲ್ಲದು.

ಮಗಳ ವ್ಯಾಸಂಗಕ್ಕೆ ೩ ಲಕ್ಷ ೫೦ ಸಾವಿರ ರೂಪಾಯಿಗಳನ್ನು ನೂರಕ್ಕೆ ೭ರಂತೆ ಠೇವಣಿಯಿಟ್ಟರೆ ಚಕ್ರಬಡ್ಡಿ ಸೇರಿ ಎರಡು ವರ್ಷಕ್ಕೆ ೪ ಲಕ್ಷಕ್ಕೆ ಮುಟ್ಟುತ್ತದೆ. ಆಪತ್ಕಾಲಕ್ಕೆಂದು ಇನ್ನೂ ೧ ಲಕ್ಷ ೫೦ ಸಾವಿರ ಠೇವಣಿಯಲ್ಲಿರಲಿ. ಹೀಗೆ ೫ ಲಕ್ಷ ನಿಶ್ಚಿಂತೆಯ ಹಣ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ ೫ ಲಕ್ಷದವರೆಗೆ ವಿಮೆಯ ರಕ್ಷಣೆಯುಂಟು. ೨೦೨೦ರಲ್ಲಿ ಈ ಮಿತಿಯನ್ನು ಒಂದು ಲಕ್ಷದಿಂದ ಏರಿಸಿದರು. ಆದ್ದರಿಂದ ಎರಡು ಬ್ಯಾಂಕುಗಳಲ್ಲಿ ಹಂಚಿಡುವುದು ಲೇಸು. ಉಳಿದ ೫ ಲಕ್ಷವನ್ನು ಯಜಮಾನರು ಷೇರಿನಲ್ಲಿ ಹಾಕಬಯಸಿದರೆ ತಡೆಯಬೇಕಾಗಿಲ್ಲ. ಆದರೆ ಒಂದೇ ಕಂಪೆನಿಯಲ್ಲಿ ಬೇಡ, ಒಂದೇ ದಿನವೂ ಬೇಡ. ಲೆಕ್ಕ ಸುಲಭವಾಗಲೆಂದು ನಾವು ಎರಡೇ ಕಂಪೆನಿಗಳನ್ನು ಹೇಳಿದೆವು. ವಾಸ್ತವದಲ್ಲಿ ಹಲವು ಕಸುಬುಗಳ ಇಪ್ಪತ್ತು ಮೂವತ್ತು ಕಂಪೆನಿಗಳಾದರೂ ಇರಬೇಕು. ಅಷ್ಟನ್ನು ಆರಿಸುವ ತೊಂದರೆ ಬೇಡವೆನ್ನುವವರಿಗೆ ಸೂಚ್ಯಂಕದ ಎಲ್ಲ ಕಂಪೆನಿಗಳಲ್ಲಿಯೂ ಹಣ ಹಾಕುವ ಇಂಡೆಕ್ಸ್ ಫಂಡುಗಳಿವೆ.

ನಮ್ಮ ಉದಾಹರಣೆಯ ಅಂಕಿಗಳಿಂದಲೇ ಎರಡು ದಾರಿಗಳನ್ನೂ ಹೋಲಿಸೋಣ. ಎರಡು ಕೆಟ್ಟ ವರ್ಷಗಳು ಒಂದರ ಹಿಂದೊಂದು ಬರುವ ಸಂಭವ, ಒಂದು ವರ್ಷದ ಫಲ ಇನ್ನೊಂದನ್ನು ಅವಲಂಬಿಸದಿದ್ದರೆ, ನೂರರಲ್ಲಿ ಒಂಬತ್ತು, ಕಡಿಮೆಯೇನಲ್ಲ. ಆಗ ಮೊದಲನೆಯ ಕಂಪೆನಿಯೊಂದರಲ್ಲಿಯೇ ಹಾಕಿದ ೧೦ ಲಕ್ಷವು ೬,೦೮,೪೦೦ಕ್ಕೆ ಇಳಿಯುತ್ತದೆ. ಮಗಳಿಗೆ ೪ ಲಕ್ಷ ಕೊಟ್ಟ ಮೇಲೆ ವೃದ್ಧಾಪ್ಯಕ್ಕೆ ಉಳಿಯುವುದು ೨,೦೮,೪೦೦. ನಾವು ಹೇಳಿದ ದಾರಿಯಲ್ಲಿ ಠೇವಣಿ ಬೆಳೆದು ೫,೭೨,೪೫೦, ಕೂಟದ ಷೇರುಗಳು ಇಳಿದು ೩,೫೨,೮೦೦. ಮಗಳಿಗೆ ಕೊಟ್ಟ ಮೇಲೂ ೫,೨೫,೨೫೦ ಉಳಿಯುತ್ತದೆ. ಎರಡೂವರೆ ಪಾಲು!

ಸೋದರಳಿಯನ ಪರವಾದ ಮಾತನ್ನೂ ಮುಚ್ಚಿಡಬಾರದು. ಎರಡು ಸುಭಿಕ್ಷದ ವರ್ಷಗಳು ಒಟ್ಟಿಗೆ ಬಂದರೆ ಅವನ ದಾರಿಯಲ್ಲಿ ೧೦ ಲಕ್ಷವು ೨೨,೫೦,೦೦೦ ಆಗುತ್ತದೆ; ನಮ್ಮ ದಾರಿಯಲ್ಲಿ ೧೪,೧೭,೪೫೦ ಮಾತ್ರ. ಅದರ ಸಂಭವವೂ ನೂರರಲ್ಲಿ ಒಂಬತ್ತೇ. ಎಂಟು ಲಕ್ಷ ಕೈತಪ್ಪಿತೆಂದು ಅಂದು ಅವನು ಹಾಸ್ಯ ಮಾಡಬಹುದು, ಮಾಡಲಿ. ವಯಸ್ಸು ಮುಂದಿರುವ ಹುಡುಗನಿಗೆ ಬಿದ್ದರೂ ಏಳಲು ದುಡಿಮೆಯುಂಟು. ಅರುವತ್ತು ದಾಟಿದ ಉಪಾಧ್ಯಾಯರಿಗೆ ಕಳೆದ ಗಂಟನ್ನು ಮತ್ತೆ ಗಳಿಸುವ ದಾರಿಯಿಲ್ಲ. ಒಂದೇ ಷೇರು ಇಬ್ಬರಿಗೂ ಒಂದೇ ಅಪಾಯವಲ್ಲ. ಹೆಚ್ಚಾಗಿ ಬಂದ ಎಂಟು ಲಕ್ಷದ ಸಂತೋಷವೂ ಇಲ್ಲದೆ ಹೋದ ಮೂರು ಲಕ್ಷದ ದುಃಖವೂ ತಕ್ಕಡಿಯಲ್ಲಿ ಸಮನಾಗಿ ತೂಗುವುದಿಲ್ಲ; ಇದನ್ನು ಸಂಸಾರ ನಡೆಸಿದವರೆಲ್ಲರೂ ಬಲ್ಲರು.

ಲೆಕ್ಕದ ದೊಡ್ಡ ಪಂಡಿತರಾದ ಮಾರ್ಕೊವಿಟ್ಜ್ ಅವರೇ ಸ್ವಂತದ ನಿವೃತ್ತಿಯ ಹಣವನ್ನು ಆರಂಭದಲ್ಲಿ ಅರ್ಧ ಷೇರುಗಳಲ್ಲಿಯೂ ಅರ್ಧ ಸಾಲಪತ್ರಗಳಲ್ಲಿಯೂ ಹಾಕಿದ್ದರಂತೆ. ಪೇಟೆ ಏರಿದಾಗ ಷೇರಿಲ್ಲವಲ್ಲಾ ಎಂಬ ಪಶ್ಚಾತ್ತಾಪವೂ ಇಳಿದಾಗ ಎಲ್ಲವೂ ಅದರಲ್ಲಿಯೇ ಇತ್ತಲ್ಲಾ ಎಂಬ ಪಶ್ಚಾತ್ತಾಪವೂ ಬಾರದಿರಲೆಂಬುದು ಅವರ ಉದ್ದೇಶವಾಗಿತ್ತು.

ತಾಯಿ, ನಿಮಗೆ ನಿದ್ದೆ ಬಾರದ್ದು ಅಜ್ಞಾನದಿಂದಲ್ಲ. ಹುಡುಗನು ಹೇಳದೆ ಬಿಟ್ಟ ಇಪ್ಪತ್ತೆಂಟನ್ನು ನಿಮ್ಮ ಮನಸ್ಸು ಹೆಸರಿಲ್ಲದೆಯೇ ಕಂಡುಕೊಂ­ಡಿತ್ತು. ಈ ಪುಟವನ್ನು ಯಜಮಾನರ ಮುಂದೆ ಓದಿರಿ. ಆ ಹುಡುಗನನ್ನೂ ಊಟಕ್ಕೆ ಕರೆದು ಕುಳ್ಳಿರಿಸಿಕೊಂಡು ಓದಿದರೆ ಇನ್ನೂ ಒಳ್ಳೆಯದು. ಅವನ ಮೇಲೆ ಕೋಪ ಬೇಡ. ಇನ್ನು ಮುಂದೆ ಯಾರು ಬಂದು ಎಷ್ಟು ಲಾಭವೆಂದು ಹೇಳಿದರೂ ಮೂರು ಪ್ರಶ್ನೆಗಳನ್ನು ಕೇಳುವ ಪದ್ಧತಿಯಿರಲಿ: ಅಲುಗಾಟವೆಷ್ಟು? ಕೆಟ್ಟ ವರ್ಷದಲ್ಲಿ ಏನು ಉಳಿಯುತ್ತದೆ? ಆ ಹಣ ನಮಗೆ ಯಾವಾಗ ಬೇಕು? ಉತ್ತರ ಬಂದ ಮೇಲೆ ಹಣದ ಚೀಲದ ಬಾಯಿ ಬಿಚ್ಚಿದರಾಯಿತು.

ಮಗಳ ವಿದ್ಯಾಭ್ಯಾಸ ನಿರ್ವಿಘ್ನವಾಗಿ ನಡೆಯಲೆಂದು ಹಾರೈಸುತ್ತೇವೆ. ಆಕೆ ಕಾಲೇಜಿಗೆ ಸೇರಿದ ಸಮಾಚಾರವನ್ನು ಒಂದು ಕಾಗದದಲ್ಲಿ ಬರೆದು ತಿಳಿಸಿದರೆ ನಮಗೆ ಬಹಳ ಸಂತೋಷವಾಗುವುದು.